ನಮ್ಮೂರಿನವರು ಕಳಿಸಿದ ಬೀಗದ ಕೈಗಳು

ಸಣ್ಣ ಊರಿನಲ್ಲಿ ಬದುಕುವುದು ಎಷ್ಟು ಸುಖ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಹೌದೆಂದು ತಲೆಯಾಡಿಸುತ್ತೇನೆ. ತಲೆಯಾಡಿಸುವ ಮೊದಲು ಒಂದು ಗಳಿಗೆ ಕಿವಿ ಬಿಸಿಯಾಗುತ್ತದೆ. ಗಾಳಿ ಚೆನ್ನ, ನೀರು ಚೆನ್ನ, ನೆರೆಹೊರೆ ಚೆನ್ನ ಎಂದು ಅವರು ಹೇಳುತ್ತಾ ಹೋಗುತ್ತಾರೆ. ಎಲ್ಲ ನಿಜವೇ. ನನಗೆ ಮಾತ್ರ ಆ ಸುಖ ನಾಚಿಕೆಯ ಜೊತೆಗೇ ಬಂತು. ಎರಡನ್ನೂ ಬೇರೆ ಬೇರೆ ಮಾಡಿ ಇಡುವುದು ಈ ವಯಸ್ಸಿನಲ್ಲೂ ನನ್ನ ಕೈಲಾಗಿಲ್ಲ.

ನಮ್ಮೂರು ಶ್ರೀನಿವಾಸಪುರ. ನನಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಮೊದಲ ಸಲ ಬಿದ್ದದ್ದು ಬಾವಿಕಟ್ಟೆಯ ಹತ್ತಿರ, ನೀರು ಸೇದಲು ಬಂದ ಅರ್ಧ ಊರಿನ ಹೆಂಗಸರ ಮುಂದೆ. ಮಧ್ಯಾಹ್ನದ ಹೊತ್ತಿಗೆ ಉಳಿದರ್ಧ ಊರಿಗೂ ಸುದ್ದಿ ಮುಟ್ಟಿತ್ತು. ಆಮೇಲೆ ನಾನು ಎಲ್ಲಿ ಬಿದ್ದರೂ ಅಲ್ಲಿದ್ದವರಿಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಒಂದು ಮಗ್ಗುಲಿಗೆ ಹೊರಳಿಸಬೇಕು, ಕೈಕಾಲು ಅದುಮಬಾರದು, ಬಾಯಿಗೆ ನೀರು ಬಿಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅಂಗೈಯಲ್ಲಿ ಕಬ್ಬಿಣ ಹಿಡಿಸಬೇಕು. ಬೀಗದ ಕೈಯೋ, ಎತ್ತಿನ ಲಾಳವೋ, ಅಂಗಡಿಯ ಕಬ್ಬಿಣದ ತೂಕದ ಕಲ್ಲೋ, ಯಾವುದು ಸಿಕ್ಕಿದರೆ ಅದು. ಕಬ್ಬಿಣದಿಂದ ಏನೂ ಆಗುವುದಿಲ್ಲವೆಂದು ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನಕ್ಕು ಹೇಳಿದರು. ಇರಬಹುದು. ಕಬ್ಬಿಣ ಹುಡುಕಲು ಓಡಿದ ನಾಲ್ಕು ಜನರು ಅಷ್ಟು ಹೊತ್ತು ನನ್ನ ಮೈಮೇಲೆ ಬೀಳದೆ ಇದ್ದರಲ್ಲ, ಅದೇ ದೊಡ್ಡ ಉಪಕಾರ ಎಂದು ನಾನು ಅವರಿಗೆ ಹೇಳಿದೆ.

ಈಗ ಇಷ್ಟು ಹಗುರಾಗಿ ಬರೆಯುತ್ತಿದ್ದೇನೆ. ಆಗ ನಾನು ಬೇಯುತ್ತಿದ್ದೆ. ಬೀದಿಯಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುವಷ್ಟು ಸಲೀಸಾಗಿ ಈ ವಾರ ಬಂದಿತ್ತಾ ಎಂದು ಕೇಳುತ್ತಿದ್ದರು. ಹೂ ಮಾರುವ ಅಜ್ಜಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ಆಕೆ ತೆಲುಗಿನಲ್ಲೇ, ಬೀದಿಯ ಆ ತುದಿಯಿಂದಲೇ ಕೂಗಿ ಕೇಳುವಳು. ನಿಮಗ್ಯಾಕೆ ಎಂದು ನಾನು ಸಿಡುಕಿದರೆ, ಈ ಹುಡುಗಿಗೆ ಮೂಗಿನ ತುದೀಲೇ ಕೋಪ ಎಂದು ಎಲ್ಲರೂ ನಗುವರು. ನಾನು ಬಿದ್ದಾಗ ಲಂಗ ಎಲ್ಲಿಯವರೆಗೆ ಸರಿದಿತ್ತೋ, ಬಾಯಿಂದ ಏನು ಸುರಿದಿತ್ತೋ, ಅದೆಲ್ಲ ನೋಡಿದ ಕಣ್ಣುಗಳೇ ನನ್ನ ಸುತ್ತ ಇದ್ದವು. ನನ್ನನ್ನು ಕಾಣದ ಒಂದು ಊರಿಗೆ ಹೋಗಿಬಿಡಬೇಕು ಎಂಬುದೊಂದೇ ಆಗ ನನ್ನ ಆಸೆ.

ಆ ಆಸೆಯನ್ನು ನಮ್ಮಪ್ಪನೇ ಈಡೇರಿಸಿದ. ಅಪ್ಪನಿಗೆ ಬೆಲ್ಲ, ಹುಣಸೆಹಣ್ಣಿನ ಸಣ್ಣ ಅಂಗಡಿ ಇತ್ತು. ಕೋಲಾರದಿಂದ ಒಂದು ಸಂಬಂಧ ಬಂದಾಗ ಆತ ಬಾಯಿ ಬಿಡಲಿಲ್ಲ. ಹುಡುಗಿ ನೋಡುವುದನ್ನು ಮುಳಬಾಗಿಲಿನಲ್ಲಿ ನನ್ನ ಅತ್ತೆಯ, ಎಂದರೆ ಅಪ್ಪನ ತಂಗಿಯ ಮನೆಯಲ್ಲಿ ಇಟ್ಟುಕೊಂಡ. ಮದುವೆಯೂ ಅಲ್ಲೇ ಆಯಿತು. ಯುದ್ಧದ ಕಾಲ, ಅಕ್ಕಿಗೆ ಕಂಟ್ರೋಲು, ಹೆಚ್ಚು ಜನ ಬೇಡ ಎಂದು ಊರಿನವರಿಗೆ ಹೇಳಿ, ಮನೆಮಂದಿಯನ್ನಷ್ಟೇ ಕರೆದುಕೊಂಡು ಹೋದ. ಊರಿನವರು ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಮರೆತರು. ನಾವು ಯಾಕೆ ಮುಳಬಾಗಿಲಿಗೆ ಓಡಿದೆವು ಎಂಬುದು ಅವರಿಗೆ ಹೊಳೆಯಲಿಲ್ಲ. ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರಾದರೂ ಬೀಗರಿಂದ ಮುಚ್ಚಿಡಬಹುದು ಎಂಬ ಯೋಚನೆಯೇ ಅವರ ತಲೆಯಲ್ಲಿ ಹುಟ್ಟುವಂಥದ್ದಲ್ಲ. ಅಪ್ಪ ಎಲ್ಲ ಹೇಳಿಯೇ ಕೊಟ್ಟಿರುತ್ತಾನೆ, ಕೋಲಾರದವರು ದೊಡ್ಡ ಮನಸ್ಸಿನವರು ಎಂದು ಅವರು ಮಾತಾಡಿಕೊಳ್ಳುತ್ತಿದ್ದರಂತೆ.

ಕೋಲಾರದವರು ದೊಡ್ಡ ಮನಸ್ಸಿನವರೇ. ನನ್ನ ಗಂಡ ದರ್ಜಿ. ಮಾವನವರು ತೀರಿಕೊಂಡ ಮೇಲೆ ಪೇಟೆಯ ಬಟ್ಟೆ ಅಂಗಡಿಯೊಂದರ ಮುಂದೆ ಅವರ ಜಾಗದಲ್ಲೇ ಮೆಷಿನ್ ಇಟ್ಟುಕೊಂಡು ಕೂತಿದ್ದರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಕಡಿಮೆ ಮಾತಿನವರು. ಮನೆಯಲ್ಲಿ ನಾನು ಮತ್ತು ಅವರ ತಾಯಿ. ಆಕೆ ನನ್ನನ್ನು ಒಂದು ದಿನವೂ ಏರುದನಿಯಲ್ಲಿ ಕರೆದವರಲ್ಲ. ಅವರೆಕಾಯಿ ಸುಲಿಯಲು ಕೂತರೆ ದಪ್ಪ ಕಾಳನ್ನೆಲ್ಲ ನನ್ನ ಸಾರಿಗೆ ಎಂದು ಬೇರೆ ಎತ್ತಿಡುವರು.

ಮೂರ್ಛೆ ಬರುವ ಮುಂಚೆ ನನಗೆ ಗೊತ್ತಾಗುತ್ತಿತ್ತು. ಕೂದಲು ಸುಟ್ಟ ವಾಸನೆ ಬಂದಂತೆ ಆಗಿ, ಎಡಗೈ ಹೆಬ್ಬೆರಳು ತಾನೇ ತಾನಾಗಿ ಮಿಡಿಯುತ್ತಿತ್ತು. ಅಷ್ಟು ಹೊತ್ತು ನನಗೆ ಸಾಕು. ಮಾಡುತ್ತಿದ್ದ ಕೆಲಸ ಬಿಟ್ಟು ಬಚ್ಚಲುಮನೆಗೆ ಹೋಗಿ ಅಗಳಿ ಹಾಕಿಕೊಳ್ಳುವೆ. ಎಚ್ಚರವಾದಾಗ ಸೀರೆ ನೆನೆದಿರುತ್ತಿತ್ತು, ನಾಲಿಗೆ ಕಚ್ಚಿಕೊಂಡಿರುತ್ತಿದ್ದೆ. ಮೈಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು, ಸ್ನಾನ ಮಾಡಿ ಬಂದವಳ ಹಾಗೆ ಹೊರಗೆ ಬರುವೆ. ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನವೇಕೆ ಎಂದು ಅತ್ತೆ ಕೇಳಿದರೆ ಸೆಕೆ ಎನ್ನುತ್ತಿದ್ದೆ. ಹೆಂಗಸರ ಮಾತಿಗೆ ಹೆಂಗಸರು ಹೆಚ್ಚು ಕೆದಕುವುದಿಲ್ಲವಲ್ಲ, ಹಾಗೆ ನಡೆದುಕೊಂಡು ಹೋಯಿತು.

ಒಂದು ಸಲ ಹಣೆ ಒಡೆಯಿತು. ಕಲ್ಲು ಪಾಚಿಗಟ್ಟಿದೆ, ಜಾರಿಬಿದ್ದೆ ಎಂದೆ. ಅತ್ತೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಮಾರನೆಯ ದಿನ ನಾನು ಏಳುವಷ್ಟರಲ್ಲಿ ಆಕೆ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಇಟ್ಟಿಗೆ ಪುಡಿ ಹಾಕಿ ಕಲ್ಲು ಉಜ್ಜುತ್ತಿದ್ದರು. ನಾನು ಉಜ್ಜುತ್ತೇನೆ ಬಿಡಿ ಎಂದರೂ ಕೇಳಲಿಲ್ಲ. ನನ್ನ ಸೊಸೆ ಜಾರುವ ಕಲ್ಲನ್ನು ನಾನೇ ಉಜ್ಜುತ್ತೇನೆ ಎಂದರು. ಅವತ್ತಿನಿಂದ ವಾರ ವಾರವೂ ಉಜ್ಜಿದರು. ನಾನು ಅಡಿಗೆಮನೆಯಲ್ಲಿ ನಿಂತು ಆ ಗರಗರ ಸದ್ದು ಕೇಳುತ್ತಿದ್ದೆ. ಹೇಳಿಬಿಡೋಣ ಎಂದು ಗಂಟಲವರೆಗೆ ಬರುವುದು. ಅಪ್ಪನ ಮುಖ ನೆನಪಾಗಿ ನುಂಗಿಬಿಡುವೆ.

ಮೂರ್ಛೆಗಿಂತ ನನಗೆ ಹೆಚ್ಚು ಭಯವಿದ್ದದ್ದು ನಮ್ಮೂರಿನವರದ್ದು. ಕೋರ್ಟು ಕಚೇರಿ, ಸಂತೆ ಎಂದು ಶ್ರೀನಿವಾಸಪುರದಿಂದ ಯಾರಾದರೂ ಕೋಲಾರಕ್ಕೆ ಬರುತ್ತಲೇ ಇರುವರು. ಬಂದವರು ಊರಿನ ಮಗಳನ್ನು ನೋಡದೆ ಹೋಗುವುದಿಲ್ಲ. ಅವರ ದನಿ ಕೇಳಿದರೆ ಸಾಕು, ನಾನು ಓಡಿಹೋಗಿ ಬೀದಿಬಾಗಿಲಿನಲ್ಲೇ ಅವರನ್ನು ತಡೆಯುತ್ತಿದ್ದೆ. ಅತ್ತೆಗೆ ತಲೆನೋವು, ಮಲಗಿದ್ದಾರೆ ಎಂದೋ, ಮನೆಯಲ್ಲಿ ಯಾರೂ ಇಲ್ಲ ಎಂದೋ ಹೇಳಿ, ಒಂದು ಲೋಟ ನೀರನ್ನೂ ಕೊಡದೆ ಸಾಗಹಾಕುತ್ತಿದ್ದೆ. ನನ್ನನ್ನು ಎತ್ತಿ ಮನೆಗೆ ಮುಟ್ಟಿಸಿದ ಕೈಗಳವು. ಪಟ್ಟಣ ಸೇರಿ ಹುಡುಗಿಗೆ ಕೊಬ್ಬು ಬಂದಿದೆ ಎಂದು ಅವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ, ಬಾಯಿ ಬಿಡದೆ ಹೋದರೆ ಸಾಕು ಎಂದು ನಾನು ಬಾಗಿಲು ಮುಚ್ಚುತ್ತಿದ್ದೆ.

ಮಾವಿನ ಕಾಲ ಬಂತು. ನಮ್ಮ ಕಡೆ ಮಾವಿನ ಕಾಲದಲ್ಲಿ ಹೆಣ್ಣುಮಕ್ಕಳ ಮನೆಗೆ ಒಂದು ಕುಕ್ಕೆ ಹಣ್ಣು ಹೋಗಲೇಬೇಕು. ನಮ್ಮ ಬೀದಿಯಲ್ಲಿ ಒಬ್ಬ ಗಾಡಿಯವನಿದ್ದ, ತೋಟಗಳಿಂದ ಕೋಲಾರದ ಮಂಡಿಗೆ ಮಾವಿನಕಾಯಿ ಸಾಗಿಸುತ್ತಿದ್ದ. ಅವನನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ಕುಕ್ಕೆ ಹೊತ್ತು ಅವನು ಬಂದಾಗ ನಾನು ಹಿತ್ತಲಲ್ಲಿ ರಾಗಿ ಒಣಹಾಕುತ್ತಿದ್ದೆ. ನನಗೆ ಕೇಳಿಸಲಿಲ್ಲ. ಕೈ ಕೊಡವಿಕೊಂಡು ಒಳಗೆ ಬರುವಷ್ಟರಲ್ಲಿ ಅವನು ನಡುಮನೆಯ ಕಂಬಕ್ಕೆ ಒರಗಿ ಮಜ್ಜಿಗೆ ಕುಡಿಯುತ್ತಿದ್ದ. ಅತ್ತೆಯ ಕೈಯಲ್ಲಿ ಹಣ್ಣಿನ ಜೊತೆ ಬಂದ ಒಂದು ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಹಳೆಯ ಕಬ್ಬಿಣದ ಬೀಗದ ಕೈಗಳು, ಒಂದು ದೊಡ್ಡ ಗೊಂಚಲು, ತುಕ್ಕು ಉಜ್ಜಿ ಎಣ್ಣೆ ಸವರಿದ್ದರು. ನಮ್ಮ ಬೀದಿಯ ಮನೆಮನೆಯವರೂ ತಮ್ಮ ತಮ್ಮ ಬೀಗ ಕಳೆದುಹೋದ ಕೈಗಳನ್ನು ಕೊಟ್ಟು ಸೇರಿಸಿದ್ದು ಎಂದು ಆಮೇಲೆ ನನಗೆ ತಿಳಿಯಿತು. ಅತ್ತೆ ಗೊಂಚಲನ್ನು ತೂಗಿ ನೋಡಿ, ಇದು ಯಾವ ಪೆಟ್ಟಿಗೆಯದಪ್ಪಾ ಎಂದು ಕೇಳಿದರು.

"ಪೆಟ್ಗೇದಲ್ಲಮ್ಮ. ಮಗೀಗೆ ಮೂರ್ಛೆ ಬಂದಾಗ ಕೈಗೆ ಕೊಡ್ತೀವಲ್ಲ, ಅದ್ಕೆ. ಹೊಸಾ ಮನೇಲಿ ಕೈಗೆ ಎಟಕೋ ಹಂಗೆ ಕಬ್ಬಿಣ ಇರ್ತದೋ ಇಲ್ವೋ ಅಂತ ನಮ್ ಬೀದಿ ಹೆಂಗಸ್ರು ಕಟ್ಟಿ ಕಳಿಸವ್ರೆ. ಇಲ್ಲಿ ಬಂದ್ಮೇಲೆ ಹೆಂಗೈತೆ, ಕಮ್ಮಿ ಆಗೈತಾ?"

ಅತ್ತೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಎಲ್ಲವೂ ಇದ್ದಿರಬೇಕು. ಗಾಡಿಯವನು ಒಮ್ಮೆ ಆಕೆಯನ್ನು, ಒಮ್ಮೆ ನನ್ನನ್ನು ನೋಡಿದ. ಏನೋ ಹೆಚ್ಚುಕಮ್ಮಿಯಾಯಿತೆಂದು ತಿಳಿದು, ಮಜ್ಜಿಗೆ ಮುಗಿಸದೆ ಲೋಟ ಕೆಳಗಿಟ್ಟು ಹೊರಟುಹೋದ. ನಾನು ನೆಲ ನೋಡುತ್ತಾ ನಿಂತೆ. ಬೈಗುಳಕ್ಕೆ ತಯಾರಾಗಿದ್ದೆ, ಹೊಡೆತಕ್ಕೂ ತಯಾರಾಗಿದ್ದೆ. ಆಕೆ ಹಾಗೆಯೇ ಕೂತುಕೊಂಡರು.

"ಇಷ್ಟು ದಿನ ಆ ಬಚ್ಚಲ ಕಲ್ಲು ಉಜ್ಜಿದ್ನಲ್ಲೇ ನಾನು" ಎಂದರು.

ಅಷ್ಟೇ ಮಾತು. ಮನುಷ್ಯರಿಗೆ ನಾಚಿಕೆಯಿಂದ ಪ್ರಾಣ ಹೋಗುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು, ಹೋಗುವ ಹಾಗಿದ್ದರೆ ನನ್ನದು ಹೋಗಬೇಕಿತ್ತು. ಸಂಜೆ ಮಗ ಬಂದ ಮೇಲೆ ಆಕೆ ಎಲ್ಲವನ್ನೂ ಹೇಳಿದರು. ಗಾಡಿ ಹೊಡೆಯುವವನಿಗೆ ಗೊತ್ತಿದ್ದದ್ದು ಒಂದೇ ಒಲೆಯ ಮುಂದೆ ಕೂರುವ ನನಗೆ ಗೊತ್ತಿರಲಿಲ್ಲ, ಇನ್ನು ಇವಳ ಯಾವ ಮಾತನ್ನು ನಂಬಲಿ, ಅವಳ ಅಪ್ಪನ ಮನೆಗೆ ಬಿಟ್ಟು ಬಾ ಎಂದರು. ನನ್ನ ಗಂಡ ನನ್ನನ್ನು ನಿಜವೇ ಎಂದು ಕೇಳಿದರು. ಹೌದೆಂದೆ. ಅವರು ಊಟ ಮಾಡದೆ ಮಲಗಿದರು.

ಮಾರನೆಯ ದಿನ ಇದ್ದಿಲು ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೊರಟೆವು. ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುತ್ತಿದ್ದ ಆ ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಲ್ಲುವುದು, ಗಂಡಸರು ಇಳಿದು ತಳ್ಳುವರು. ನನ್ನ ಗಂಡನೂ ಇಳಿದು ತಳ್ಳಿ ಬಂದು ಕೂರುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ನನ್ನನ್ನು ಮನೆ ಸೇರಿಸಿ, ಅಪ್ಪನಿಗೆ ಎರಡು ಮಾತು ಹೇಳಿ, ಅದೇ ಬಸ್ಸು ತಿರುಗಿ ಹೊರಡುವಾಗ ಹತ್ತಿಬಿಡುವುದು ಅವರ ಲೆಕ್ಕ. ನನ್ನ ಲೆಕ್ಕ ಇನ್ನೂ ಸಣ್ಣದು. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ಪೇಟೆ ಬೀದಿಯಲ್ಲಿ ಯಾರೂ ಮಾತಾಡಿಸದೆ ಹೋದರೆ ಸಾಕು ಎಂದುಕೊಂಡಿದ್ದೆ.

ಮಾತಾಡಿಸದೆ ಬಿಡುವ ಊರೇ ಅದು? ಇಳಿಯುತ್ತಿದ್ದ ಹಾಗೇ ಶುರುವಾಯಿತು. ಓ, ಮಗಳು ಬಂದಳು, ಅಳಿಯಂದಿರೂ ಬಂದರು, ಬೀಗದ ಕೈ ತಲುಪಿತಾ ಎಂದು ಅಂಗಡಿ ಅಂಗಡಿಯಿಂದ ಕೇಳುವರು. ನನ್ನ ಗಂಡ ಮುಂದೆ ಮುಂದೆ ಬಿರುಸಾಗಿ ನಡೆಯುತ್ತಿದ್ದರು. ನಡುಬೀದಿಯಲ್ಲಿ ನನಗೆ ಕೂದಲು ಸುಟ್ಟ ವಾಸನೆ ಬಂತು. ಹೆಬ್ಬೆರಳು ಮಿಡಿಯಿತು. ಅಗಳಿ ಇರುವ ಒಂದು ಬಾಗಿಲಿಗಾಗಿ ಸುತ್ತ ನೋಡಿದೆ. ಎಲ್ಲಿದ್ದೀತು? ಎಲ್ಲ ಬಾಗಿಲೂ ಬೀದಿಗೆ ತೆರೆದಿದ್ದವು. ಇವತ್ತೇ ಬೇಕಾಗಿತ್ತೇ, ಇವರ ಮುಂದೆಯೇ ಬೇಕಾಗಿತ್ತೇ ಎಂದುಕೊಂಡದ್ದು ನೆನಪಿದೆ, ಆಮೇಲೆ ನನಗೇನೂ ತಿಳಿಯದು.

ತಿಳಿಯದ್ದನ್ನು ನನ್ನ ಗಂಡ ಆಮೇಲೆ ಹೇಳಿದರು. ಹಿಂತಿರುಗಿ ನೋಡಿದಾಗ ನಾನು ಆಗಲೇ ಹೂ ಮಾರುವ ಅಜ್ಜಿಯ ಮಡಿಲಿನ ಮೇಲೆ ಇದ್ದೆನಂತೆ. ನನ್ನ ನಡಿಗೆ ನೋಡಿಯೇ ಆಕೆ ಹೂಬುಟ್ಟಿ ಬಿಟ್ಟು ಎದ್ದಿದ್ದಳಂತೆ, ಯಾರೋ ತಮ್ಮ ಅಂಗಡಿಯ ಬೀಗದ ಕೈಯನ್ನು ಆಗಲೇ ನನ್ನ ಅಂಗೈಗೆ ಹಿಡಿಸಿದ್ದರಂತೆ. ಏಂ ಕಾದಮ್ಮಾ, ಏಂ ಕಾದು, ಎಂದರೆ ಏನೂ ಆಗುವುದಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಲೇ ಇದ್ದಳಂತೆ. ಬಟ್ಟೆ ಅಂಗಡಿಯವರು ಹೊಸ ಪಂಚೆಯ ಒಂದು ತಾನು, ಬಟ್ಟೆಯ ಇಡೀ ಸುರುಳಿಯನ್ನೇ ಬಿಚ್ಚಿ, ತಾವೊಂದು ತುದಿ, ಎದುರಂಗಡಿಯವರೊಂದು ತುದಿ ಹಿಡಿದು ಪರದೆ ಕಟ್ಟಿದ ಹಾಗೆ ನಿಂತರಂತೆ, ಇಬ್ಬರೂ ನನಗೆ ಬೆನ್ನು ಮಾಡಿ. ಬಟ್ಟೆ ಸಿಗದ ಆ ಕಾಲದಲ್ಲಿ ಆ ತಾನು ಮಣ್ಣಿನಲ್ಲಿ ಎಳೆದಾಡುತ್ತಿತ್ತು. ಬೀದಿಯವರು ಪರದೆಯಿಂದಾಚೆ ಸುತ್ತಿಕೊಂಡು ಓಡಾಡುತ್ತಿದ್ದರೇ ಹೊರತು ಯಾರೂ ಬಂದು ಇಣುಕಲಿಲ್ಲವಂತೆ. ಒಬ್ಬರು ನನ್ನ ಗಂಡನ ಭುಜ ಹಿಡಿದು ಪರದೆಯ ಒಳಗೆ ಕಳಿಸಿ, ಹೆದರಬೇಡಿ, ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ಸರಿಹೋಗುತ್ತದೆ, ಕಾಲ ಹತ್ತಿರ ಸೀರೆ ಸರಿ ಮಾಡಿ ಕೂತಿರಿ ಎಂದರಂತೆ. ಅವರು ಕೂತರು.

ನಾನು ಕಣ್ಣು ಬಿಟ್ಟಾಗ ಅವರು ಕಾಲ ಹತ್ತಿರವೇ ಇದ್ದರು. ನನಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು, ಕೈ ಏಳಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದರು. ಬಸ್ಸು ತಿರುಗಿ ಹೊರಡುವಾಗ ಹಾರನ್ ಹೊಡೆದದ್ದು ನಮ್ಮ ಮನೆಗೂ ಕೇಳಿಸಿತು. ಅವರು ಏಳಲಿಲ್ಲ. ಅಪ್ಪ ತಪ್ಪಾಯಿತೆಂದು ಕಾಲು ಹಿಡಿಯಲು ಬಂದಾಗ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅಪ್ಪ ಅಂಗಡಿಗೆ ಹೋದ ಮೇಲೆ ನನ್ನನ್ನು ಕೇಳಿದರು.

"ನಮ್ಮನೇಲಿ ಹಿಂಗೆ ಆದಾಗ ಯಾರು ಇರ್ತಿದ್ರು ನಿನ್ ಹತ್ರ?"

ಯಾರೂ ಇಲ್ಲ, ಅಗಳಿ ಹಾಕಿಕೊಳ್ಳುತ್ತಿದ್ದೆ ಎಂದೆ. ಸುಳ್ಳು ಹೇಳಿದವಳು ನಾನು, ತಪ್ಪು ಮಾಡಿದವರ ಹಾಗೆ ಕೂತದ್ದು ಅವರು. ಅದನ್ನು ನೋಡಲಾರದೆ ನಾನು ಮಗ್ಗುಲು ಹೊರಳಿದೆ.

ಅವರು ಮಾರನೆಯ ದಿನ ಕೋಲಾರಕ್ಕೆ ಹೋದರು. ಹೋದವರು ಹೋದರೆಂದೇ ನಾನು ತಿಳಿದೆ. ಕೋಲಾರದ ಮನೆಯಲ್ಲಿ ನಡೆದದ್ದು ಊರಿಗೆಲ್ಲ ಆಗಲೇ ಗೊತ್ತಾಗಿತ್ತು. ಬೀಗದ ಕೈ ಕೊಟ್ಟ ಹೆಂಗಸರು ಬಾವಿಕಟ್ಟೆಯಲ್ಲಿ ನನ್ನನ್ನು ಕಂಡರೆ ಬಿಂದಿಗೆ ಎತ್ತಿಕೊಂಡು ಮೆಲ್ಲಗೆ ಸರಿದುಬಿಡುತ್ತಿದ್ದರು. ತಮ್ಮಿಂದ ಒಂದು ಹೆಣ್ಣಿನ ಬಾಳು ಹಾಳಾಯಿತೆಂದು ಅವರಿಗೆ ನಾಚಿಕೆ, ನನ್ನ ಮನೆಯವರು ಮುಚ್ಚಿಟ್ಟರೆಂದು ನನಗೆ ನಾಚಿಕೆ. ಈ ವಾರ ಬಂದಿತ್ತಾ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಗಾಗಿ ಕಾಯುವೆನೆಂದು ನಾನು ಎಣಿಸಿರಲಿಲ್ಲ, ಕಾದೆ.

ಮೊದಲ ಮಳೆ ಬಿದ್ದ ಮೇಲೆ ಅವರು ಬಂದರು. ನೇರವಾಗಿ ಬಟ್ಟೆ ಅಂಗಡಿಗೆ ಹೋಗಿ, ಜಗುಲಿಯಲ್ಲಿ ಮೆಷಿನ್ ಇಡಲು ಜಾಗ ಕೇಳಿ, ಗಟ್ಟಿಮಾಡಿಕೊಂಡು ಆಮೇಲೆ ನಮ್ಮ ಮನೆಗೆ ಬಂದರು. ಕೋಲಾರದಲ್ಲಿ ತಾಯಿ ಒಪ್ಪಿರಲಿಲ್ಲ. ನಿಮ್ಮಪ್ಪನ ಕಾಲದ ಗಿರಾಕಿಗಳನ್ನು ಬಿಟ್ಟು ಹೆಂಡತಿಯ ಊರಿನಲ್ಲಿ ಮನೆಅಳಿಯನಾಗಿ ಕೂರುತ್ತೀಯಾ, ನಾಲ್ಕು ಜನ ಏನಂದಾರು ಎಂದು ಅತ್ತಿದ್ದರಂತೆ. ನೀವೂ ಬನ್ನಿ ಎಂದರೆ ಬಾಗಿಲು ಹಾಕಿಕೊಂಡರಂತೆ. ನಾನೇ ಕೋಲಾರಕ್ಕೆ ಬರುತ್ತೇನೆ, ಅವರ ಕಾಲು ಹಿಡಿಯುತ್ತೇನೆ, ನಿಮಗೆ ಈ ಅವಮಾನ ಬೇಡ ಎಂದೆ ನಾನು.

"ಅಲ್ಲಿ ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಪೇಟೇಲಿ ಇರ್ತೀನಿ. ಅಮ್ಮನಿಗೆ ನಿನ್ನ ಮುಟ್ಟೋಕೇ ಭಯ. ಅಲ್ಲಿ ಬಿದ್ರೆ ಒಬ್ಳೇ ಬೀಳ್ಬೇಕು ಕಣೇ. ಇಲ್ಲಿ ಹಂಗಿಲ್ಲ" ಎಂದರು.

ಸಣ್ಣ ಊರಿನ ಸುಖವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಅವರು ಅದಕ್ಕೆ ಏನು ತೆತ್ತರೆಂಬುದನ್ನೂ ಕಂಡವಳು ನಾನೇ. ಮೆಷಿನ್ ಬಂದ ದಿನ ಅದನ್ನು ಕೂಲಿಯವನ ತಲೆಗೆ ಕೊಡದೆ ತಾವೇ ಹೆಗಲ ಮೇಲೆ ಹೊತ್ತರು. ಬಸ್‌ಸ್ಟ್ಯಾಂಡಿನಿಂದ ಬಟ್ಟೆ ಅಂಗಡಿಯವರೆಗೆ ಪೇಟೆ ಬೀದಿ ಪೂರ್ತಿ ನಡೆಯಬೇಕು. ನಾನು ಕತ್ತರಿ, ಗಜಕಡ್ಡಿ ಹಿಡಿದು ಹಿಂದೆ ನಡೆಯುತ್ತಿದ್ದೆ. ಅಂಗಡಿಯವರೆಲ್ಲ ಎದ್ದು ನಿಂತರು, ನಮ್ಮೂರ ಅಳಿಯ ಬಂದರು ಎಂದರು. ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಆದರೂ ಆ ಮಾತು ಕೇಳಿದಾಗೆಲ್ಲ ಅವರ ತಲೆ ಇನ್ನಷ್ಟು ಬಗ್ಗಿತು. ಭಾರಕ್ಕೆ ಬಗ್ಗಿದ್ದೆಂದು ನೋಡಿದವರು ತಿಳಿದಿರಬೇಕು. ಕತ್ತು ಕಿವಿಯೆಲ್ಲ ಕೆಂಪಾಗಿದ್ದದ್ದು ಹಿಂದೆ ಬರುತ್ತಿದ್ದ ನನಗೆ ಕಾಣುತ್ತಿತ್ತು. ಅಂಥ ಕೆಂಪು ನನಗೆ ಚಿಕ್ಕಂದಿನಿಂದ ಗುರುತು. ಅಷ್ಟು ಹೊತ್ತಿಗೆ ಹೂವಿನ ಅಜ್ಜಿ ಬೀದಿಯ ಆ ತುದಿಯಿಂದ, ಈ ವಾರ ಬಂದಿತ್ತಾ ಎಂದು ತೆಲುಗಿನಲ್ಲಿ ಕೂಗಿ ಕೇಳಿದಳು. ಬಂದಿತ್ತು ಎಂದು ನಾನೂ ಕೂಗಿ ಹೇಳಿದೆ. ನನ್ನ ಗಂಡ ನನಗಾಗಿ ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಿದ್ದಾಗ, ಆ ಬೀದಿಯಲ್ಲಿ ನಾನು ಮೊದಲ ಸಲ ತಲೆಯೆತ್ತಿ ನಡೆದೆ. ನನಗೆ ಖುಷಿಯಾಗಿತ್ತು. ಆ ಖುಷಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.